ಅಡಿಕೆ ತೋಟದ ನಡುವೆ ನೆಲದಡಿ ಕರೆಂಟ್ ಲೈನ್: ಎಷ್ಟು ಆಳ, ಯಾವ ಕೇಬಲ್, ಯಾವ ಪೈಪ್?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ: ಮೀಟರ್ ರಸ್ತೆಬದಿಯಲ್ಲಿದೆ, ಹೊಸ ಮನೆ ಅಲ್ಲಿಂದ 150 ಮೀಟರ್ ದೂರದಲ್ಲಿ ಇಳಿಜಾರಿನ ಕೆಳಗಿದೆ, ನಡುವೆ ಅಡಿಕೆ ತೋಟ. ಕಂಬ ನೆಡದೆ ನೆಲದಡಿಯಲ್ಲಿ ಕೇಬಲ್ ತರಬೇಕು. ಒಂದೂವರೆ ಅಡಿ ಆಳ ಸಾಕೇ, ತೋಟಕ್ಕೆ ನೀರು ಬಿಡಲು ತಂದು ಉಳಿದಿರುವ ಪೈಪನ್ನೇ ಬಳಸಬಹುದೇ ಎಂದು ಕೇಳಿದ್ದೀರಿ.

ಒಂದೂವರೆ ಅಡಿ ಸಾಲದು. ಪುತ್ತೂರು ಕಡೆಯ ನಮ್ಮ ತೋಟದಲ್ಲಿ ಈ ಕೆಲಸವನ್ನು ಎರಡು ಸಲ ಮಾಡಿಸಿದವನಾಗಿ ಹೇಳುತ್ತಿದ್ದೇನೆ. ಮೊದಲ ಸಲ ನಾನೂ ಒಂದೂವರೆ ಅಡಿ ಅಗೆಸಿ, ತೆಳುವಾದ ಪಿವಿಸಿ ಪೈಪಿನೊಳಗೆ ಮೋಟಾರಿಗೆ ಬಳಸುವ ಚಪ್ಪಟೆ ಕೇಬಲ್ ಎಳೆಸಿದ್ದೆ. ನಾಲ್ಕು ವರ್ಷ ಏನೂ ತೊಂದರೆಯಾಗಲಿಲ್ಲ. ಐದನೆಯ ವರ್ಷ ಮೇ ತಿಂಗಳಲ್ಲಿ, ನಮ್ಮಲ್ಲಿ ಕೆಲಸಕ್ಕೆ ಬರುವವರೊಬ್ಬರು ಕೊಕ್ಕೋ ಗಿಡ ನೆಡಲು ಗುಂಡಿ ತೆಗೆಯುತ್ತಿದ್ದಾಗ ಪಿಕಾಸಿ ಪೈಪನ್ನು ಸೀಳಿ ಕೇಬಲ್‌ಗೆ ತಗುಲಿತು. ನೀಲಿ ಬೆಂಕಿ ಹಾರಿತು, ಅವರು ಹಿಂದಕ್ಕೆ ಬಿದ್ದರು. ಪಿಕಾಸಿಯ ಹಿಡಿ ಒಣಮರದ್ದಾಗಿತ್ತು, ಬದುಕಿದರು. ಅದೇ ಹೊತ್ತಿನಲ್ಲಿ ಅವರ ಕೈಯಲ್ಲಿ ಕಬ್ಬಿಣದ ಹಾರೆ ಇದ್ದಿದ್ದರೆ ಎಂಬ ಯೋಚನೆ ಬಂದರೆ ಇವತ್ತಿಗೂ ನನಗೆ ನಿದ್ದೆ ಹಾರಿಹೋಗುತ್ತದೆ. ಅಲ್ಲಿ ಲೈನ್ ಇದೆ ಎಂದು ಅವರಿಗೆ ಹೇಳಿರಲಿಲ್ಲ, ಹೇಳಬೇಕಾಗಿದ್ದವನು ನಾನು. ಎರಡನೆಯ ಸಲ ಕೆಲಸ ಮಾಡಿಸುವಾಗ, ಮುಂದೆಂದೋ ಏನೂ ತಿಳಿಯದೆ ಇಲ್ಲಿ ಅಗೆಯುವ ಆ ಮನುಷ್ಯನನ್ನೇ ಕಣ್ಣಮುಂದೆ ಇಟ್ಟುಕೊಂಡೆ. ನೀವೂ ಹಾಗೆಯೇ ಮಾಡಿ.

ನೆಲದಡಿಯಲ್ಲಿ ತರುವ ನಿರ್ಧಾರ ಮಾತ್ರ ಖಂಡಿತ ಸರಿ. ಅಡಿಕೆ ತೋಟದ ಮೇಲೆ ತಂತಿ ಎಳೆದರೆ ಸೋಗೆ ಬಿದ್ದು ಹರಿಯುವುದು ಒಂದು ಕಷ್ಟ. ಕೊಯ್ಲಿನ ಉದ್ದನೆಯ ಕೋಲಾದ ದೋಟಿ ತಂತಿಗೆ ತಾಗುವುದು ಅದಕ್ಕಿಂತ ದೊಡ್ಡ ಅಪಾಯ. ಅಲ್ಯೂಮಿನಿಯಂ ದೋಟಿ ತಾಗಿ ಎಷ್ಟೋ ಜೀವಗಳು ಹೋಗಿವೆ. ಈಗ ಬಂದಿರುವ ಕಾರ್ಬನ್ ಫೈಬರ್ ದೋಟಿ ಸುರಕ್ಷಿತ ಎಂದು ಹಲವರು ನಂಬಿದ್ದಾರೆ. ಕಾರ್ಬನ್ ಫೈಬರ್‌ನಲ್ಲೂ ವಿದ್ಯುತ್ ಹರಿಯುತ್ತದೆ. ದಯವಿಟ್ಟು ಇದನ್ನು ನಿಮ್ಮ ಕೊಯ್ಲಿನವರಿಗೂ ತಿಳಿಸಿ.

ಆಳದ ವಿಚಾರ. ಕೇಬಲ್ ಹೂಳುವುದಕ್ಕೆ ನಮ್ಮಲ್ಲಿರುವ ಮಾನಕ ಐಎಸ್ 1255. ಮನೆಬಳಕೆಯ ವೋಲ್ಟೇಜಿನ ಕೇಬಲ್‌ಗೆ ಅದು ಹೇಳುವ ಆಳ 75 ಸೆಂಟಿಮೀಟರ್, ವಾಹನ ಓಡಾಡುವ ದಾರಿಯನ್ನು ದಾಟುವಲ್ಲಿ 1 ಮೀಟರ್. ಇದು ಕೇಬಲ್‌ನ ಮೇಲ್ಭಾಗಕ್ಕೆ ಇರಬೇಕಾದ ಆಳ. ಕೆಳಗೆ ಮರಳಿನ ಹಾಸೂ ಬೇಕಾಗುವುದರಿಂದ ಚರಂಡಿಯನ್ನು ಮೂರು ಅಡಿ ತೆಗೆಸಿ. ಬಸಿಗಾಲುವೆಗೆ ಅಡ್ಡವಾಗಿ ಹೋಗುವಲ್ಲಿ ಆಳವನ್ನು ತೋಟದ ನೆಲದಿಂದ ಅಳೆಯಬೇಡಿ, ಕಾಲುವೆಯ ತಳದಿಂದ ಅಳೆಯಿರಿ. ಕಾಲುವೆಯ ಹೂಳನ್ನು ಪ್ರತಿ ವರ್ಷ ತೆಗೆಯುತ್ತೇವೆ, ಗುದ್ದಲಿ ಪ್ರತಿ ವರ್ಷ ಅಲ್ಲಿಗೆ ಇಳಿಯುತ್ತದೆ. ಅಂಥ ಕಡೆ ಕೇಬಲ್ ಪೈಪಿನ ಹೊರಗೆ ಒಂದು ಕಬ್ಬಿಣದ ಪೈಪನ್ನೂ ತೊಡಿಸಿದ್ದೇನೆ.

ಗೆರೆ ಹಾಕುವಾಗ ಅಡಿಕೆಯ ಎರಡು ಸಾಲುಗಳ ನಟ್ಟನಡುವೆ ಹೋಗಿ. ಒಂಬತ್ತು ಅಡಿ ಅಂತರದ ತೋಟವಾದರೆ ಎರಡೂ ಕಡೆ ನಾಲ್ಕೂವರೆ ಅಡಿ ಸಿಗುತ್ತದೆ, ಬೇರಿಗೆ ಹೆಚ್ಚು ಪೆಟ್ಟಾಗುವುದಿಲ್ಲ. ತೋಟದೊಳಗೆ ಜೆಸಿಬಿ ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಯಂತ್ರ ತಿರುಗುವಷ್ಟರಲ್ಲಿ ಹನಿ ನೀರಾವರಿಯ ಪೈಪು, ಬೇರು, ಮೇಲ್ಮಣ್ಣು ಎಲ್ಲವೂ ಹಾಳಾಗುತ್ತವೆ. ತೋಟದ ಹೊರಗಿನ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಮಾತ್ರ ಅದನ್ನು ಕರೆಸಿದೆ, ಏಕೆಂದರೆ ಅಲ್ಲಿ ಕೈಯಲ್ಲಿ ಮೂರು ಅಡಿ ಇಳಿಯುವುದು ಬಹಳ ಕಷ್ಟ. ಅಗೆತಕ್ಕೆ ಡಿಸೆಂಬರ್ ಒಳ್ಳೆಯ ತಿಂಗಳು. ಮಳೆ ನಿಂತಿರುತ್ತದೆ, ಆದರೆ ಮಣ್ಣಿನ ಪಸೆ ಇನ್ನೂ ಆರಿರುವುದಿಲ್ಲ.

ಕೇಬಲ್ ವಿಷಯದಲ್ಲಿ ಹಣ ಉಳಿಸಲು ಹೋಗಬೇಡಿ. ಉಕ್ಕಿನ ಕವಚವಿರುವ ಆರ್ಮರ್ಡ್ ಕೇಬಲ್ಲೇ ಬೇಕು. ಪೈಪಿನೊಳಗೆ ಹೋಗುವುದಕ್ಕೆ ಕವಚ ಏಕೆ ಎಂದು ನನ್ನ ತಮ್ಮನೂ ಕೇಳಿದ್ದ. ಪೈಪನ್ನು ಹೆಗ್ಗಣ ಕೊರೆಯುತ್ತದೆ, ಪಿಕಾಸಿ ಒಡೆಯುತ್ತದೆ. ಪಿಕಾಸಿಯ ಮೊನೆ ಲೈನಿಗಿಂತ ಮೊದಲು ಕವಚವನ್ನು ಮುಟ್ಟುತ್ತದೆ; ಅದಕ್ಕೆ ಅರ್ಥಿಂಗ್ ಕೊಟ್ಟಿದ್ದರೆ ಕರೆಂಟಿಗೆ ನೆಲಕ್ಕೆ ಹರಿಯುವ ದಾರಿ ಸಿಗುತ್ತದೆ. ಇನ್ನು ದಪ್ಪ. 150 ಮೀಟರ್ ಎಂದರೆ ಕರೆಂಟ್ ಹೋಗಿ ಬರುವ ದಾರಿ 300 ಮೀಟರ್. ಮಿಕ್ಸಿ, ಫ್ರಿಜ್, ಗೀಸರ್ ಎಲ್ಲ ಸೇರಿ 20 ಆಂಪಿಯರ್ ಎಳೆದರೆ, 4 ಚದರ ಮಿಲಿಮೀಟರಿನ ತಾಮ್ರದ ಕೇಬಲ್‌ನಲ್ಲಿ ಸುಮಾರು 28 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಸಂಜೆ ಮೀಟರಿನಲ್ಲೇ 200 ವೋಲ್ಟ್ ಇರುವ ಹಳ್ಳಿಯಲ್ಲಿ ಮನೆಗೆ ಉಳಿಯುವುದು 172. ಫ್ರಿಜ್ಜಿನ ಕಂಪ್ರೆಸರ್ ಬಹುಕಾಲ ಬಾಳುವುದಿಲ್ಲ. 16 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ ಹಾಕಿದರೆ ನಷ್ಟ 11–12 ವೋಲ್ಟಿಗೆ ಇಳಿಯುತ್ತದೆ, 25ರದ್ದಾದರೆ 7 ವೋಲ್ಟಿನ ಆಸುಪಾಸು. ನಾನು 25 ಹಾಕಿಸಿದೆ. ಅಲ್ಯೂಮಿನಿಯಂ ತುದಿಯನ್ನು ತಾಮ್ರದ ಜೊತೆ ಹಾಗೆಯೇ ತಿರುಪಿ ಬಿಗಿಯಬೇಡಿ, ನಮ್ಮ ತೇವದ ಹವೆಯಲ್ಲಿ ಅದು ಸವೆದು ಬಿಸಿಯಾಗುತ್ತದೆ. ಕೇಬಲ್ ತುದಿಗೆ ತೊಡಿಸಲು ಎರಡೂ ಲೋಹಗಳಿಗೆ ಹೊಂದುವ ಬೈಮೆಟಲ್ ಲಗ್ ಸಿಗುತ್ತದೆ.

ನೀರಿನ ಪೈಪು ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಮತ್ತೆ ಅದೇ ಅಗೆಯುವ ಮನುಷ್ಯ: ಕಪ್ಪು ಪೈಪನ್ನು ಕಂಡವರು ಅದರಲ್ಲಿ ನೀರಿದೆ ಎಂದುಕೊಳ್ಳುತ್ತಾರೆ, ಜೋಡಿಸಲೆಂದು ಕತ್ತರಿಸಿಯೂ ಬಿಡುತ್ತಾರೆ. ಕೇಬಲ್‌ಗೆಂದೇ ಇರುವ, ಹೊರಗೆ ಸುಕ್ಕು, ಒಳಗೆ ನುಣುಪಾಗಿರುವ ಎರಡು ಪದರದ ಡಿಡಬ್ಲ್ಯೂಸಿ ಪೈಪ್ ತನ್ನಿ; ಕೆಂಪು ಬಣ್ಣದ್ದು ಸಿಕ್ಕರೆ ಒಳ್ಳೆಯದು. ಒಳವ್ಯಾಸ ಕೇಬಲ್‌ನ ದಪ್ಪದ ಎರಡರಷ್ಟಾದರೂ ಇರಲಿ. ತಿರುವಿನಲ್ಲಿ ನಲ್ಲಿಕೆಲಸದ ಎಲ್ಬೋ ಹಾಕಿದರೆ ಕೇಬಲ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪೈಪನ್ನೇ ನಿಧಾನವಾಗಿ ಬಾಗಿಸಿ, ಇಲ್ಲವೇ ತಿರುವಿಗೊಂದು ಚೇಂಬರ್ ಕಟ್ಟಿಸಿ. ಕೇಬಲ್ ಒಂದೇ ತುಂಡಾಗಿರಲಿ. ಪೈಪಿನೊಳಗೆ ಜಾಯಿಂಟ್ ಬೇಡವೇ ಬೇಡ. ಪಕ್ಕದಲ್ಲಿ ಇನ್ನೊಂದು ಖಾಲಿ ಪೈಪ್ ಹಾಕಿ, ಒಳಗೆ ನೈಲಾನ್ ಹಗ್ಗ ಬಿಟ್ಟಿರಿ. ನಾಳೆ ಇಂಟರ್ನೆಟ್ಟಿನ ಫೈಬರ್ ಬರುವಾಗ ಮತ್ತೆ ತೋಟ ಅಗೆಯಬೇಕಾಗಿಲ್ಲ.

ನಿಮ್ಮ ಮನೆ ಕೆಳಗಿರುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಮೂರೂವರೆ ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ನಮ್ಮ ಕಡೆ ಆ ಪೈಪು ನೀರಿನ ದಾರಿಯೂ ಆಗುತ್ತದೆ. ಮೇಲಿನ ತುದಿಯಲ್ಲಿ ನುಗ್ಗಿದ ನೀರು ನೇರವಾಗಿ ನಿಮ್ಮ ಮನೆಯ ಬೋರ್ಡಿಗೆ ಬಂದು ಇಳಿಯಬಹುದು. ಎರಡೂ ತುದಿಗಳನ್ನು ಸೀಲ್ ಮಾಡಿಸಿ. ಮನೆಯ ಗೋಡೆಗೆ ಮೊದಲು ತಳದಲ್ಲಿ ಜಲ್ಲಿ ಹಾಕಿದ ಚೇಂಬರ್ ಕಟ್ಟಿಸಿ, ಅಲ್ಲಿಂದ ಪೈಪ್ ಮೇಲಕ್ಕೆ ಏರಿ ಗೋಡೆಯೊಳಗೆ ಹೋಗಲಿ. ಚರಂಡಿಯ ಸಡಿಲ ಮಣ್ಣೂ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಇಳಿಜಾರಿನಲ್ಲಿ ಅಲ್ಲಲ್ಲಿ ಮುರಕಲ್ಲು ಅಡ್ಡ ಇಟ್ಟು ಮಣ್ಣು ತುಂಬಿಸಿ, ಮೇಲೆ ನಾಲ್ಕು ಬೆರಳು ಉಬ್ಬಾಗಿರಲಿ.

ಮುಚ್ಚುವ ಮೊದಲು ಎಲೆಕ್ಟ್ರಿಷಿಯನ್ ಕೈಯಲ್ಲಿ, ಕೇಬಲ್‌ನ ಇನ್ಸುಲೇಷನ್ ಸರಿಯಿದೆಯೇ ಎಂದು ನೋಡುವ ಮೆಗ್ಗರ್ ಪರೀಕ್ಷೆ ಮಾಡಿಸಿ, ಮುಚ್ಚಿದ ಮೇಲೆ ಇನ್ನೊಮ್ಮೆ. ಪೈಪಿನ ಕೆಳಗೆ ಮೇಲೆ ಮೂರು ಮೂರು ಇಂಚು ಮರಳು, ಅದರ ಮೇಲೆ ಇಟ್ಟಿಗೆಯ ಸಾಲು, ಮಣ್ಣು ಅರ್ಧ ತುಂಬಿದ ಮೇಲೆ ಅಪಾಯದ ಬರಹವಿರುವ ಟೇಪು. ಅಗೆಯುವವನಿಗೆ ಮೊದಲು ಟೇಪು ಸಿಗುತ್ತದೆ, ಅದನ್ನು ಗಮನಿಸದಿದ್ದರೆ ಇಟ್ಟಿಗೆ ಸದ್ದು ಮಾಡುತ್ತದೆ.

ಅಷ್ಟಾಗಿಯೂ ಪೆಟ್ಟು ಬಿದ್ದರೆ? ಕರೆಂಟ್ ಮಿತಿ ಮೀರಿದಾಗ ತಾನಾಗಿ ಬೀಳುವ ಸ್ವಿಚ್ಚಾದ ಎಂಸಿಬಿ ಕಾಪಾಡುತ್ತದೆ ಎಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಒಣಗಿದ ಮುರಕಲ್ಲಿನ ನೆಲದಲ್ಲಿ ಅರ್ಥಿಂಗಿನ ತಡೆ 20 ಓಮ್ ಇದೆ ಎಂದಿಟ್ಟುಕೊಳ್ಳಿ. ಲೈನ್ ಕವಚಕ್ಕೆ ತಾಗಿದರೆ ಹರಿಯುವುದು ಹನ್ನೊಂದು ಹನ್ನೆರಡು ಆಂಪಿಯರ್ ಅಷ್ಟೇ. 32 ಆಂಪಿಯರಿನ ಎಂಸಿಬಿ ಕದಲುವುದೇ ಇಲ್ಲ. ಕವಚ ಕರೆಂಟಿನಲ್ಲಿಯೇ ಇರುತ್ತದೆ. ಆದ್ದರಿಂದ ಮೀಟರಿನ ಬಳಿಯೇ, ಕೇಬಲ್ ಹೊರಡುವಲ್ಲಿ, ಎಂಸಿಬಿಯ ಜೊತೆಗೆ, ನೆಲಕ್ಕೆ ಸೋರುವ ಸಣ್ಣ ಕರೆಂಟನ್ನೂ ಗುರುತಿಸಿ ಲೈನ್ ಕಡಿಯುವ ಆರ್‌ಸಿಸಿಬಿಯೂ ಬೇಕು. ನನ್ನಲ್ಲಿ ಅಲ್ಲಿ ತುಸು ತಡವಾಗಿ ಬೀಳುವ 100 ಮಿಲಿ ಆಂಪಿಯರಿನದು, ಮನೆಯೊಳಗೆ 30ರದು. ಮನೆಯೊಳಗೆ ಮಾತ್ರ ಹಾಕಿದರೆ ತೋಟದ 150 ಮೀಟರ್ ಕೇಬಲ್‌ಗೆ ಕಾವಲೇ ಇರುವುದಿಲ್ಲ. ಮೀಟರ್‌ವರೆಗಿನ ಲೈನ್ ವಿದ್ಯುತ್ ಕಂಪನಿಯದು, ಅಲ್ಲಿಂದ ಈಚೆಗಿನದು ನಮ್ಮ ಹೊಣೆ. ಜೋಡಣೆಯನ್ನು ಪರವಾನಗಿ ಇರುವವರಿಂದಲೇ ಮಾಡಿಸಿ.

ಚರಂಡಿ ತೆರೆದಿರುವಾಗಲೇ, ಪಕ್ಕದಲ್ಲಿ ಟೇಪ್ ಹಿಡಿದು ಉದ್ದಕ್ಕೂ ಫೋಟೊ ತೆಗೆಯಿರಿ. ಪ್ರತಿ ತಿರುವಿನಲ್ಲಿ ಒಂದು ಕಲ್ಲು ನೆಟ್ಟು ಕೆಂಪು ಬಳಿಯಿರಿ. ನಾನು ಬರೆದ ನಕ್ಷೆ ಮೀಟರ್ ಪೆಟ್ಟಿಗೆಯ ಬಾಗಿಲಿನ ಒಳಬದಿಯಲ್ಲಿ ಅಂಟಿಸಿದೆ. ಇನ್ನೊಂದು ಪ್ರತಿಯನ್ನು ಅಂದು ಪಿಕಾಸಿ ಹಿಡಿದಿದ್ದವರ ಮನೆಗೆ ಹೋಗಿ ಕೊಟ್ಟೆ, ಆಮೇಲೆ ಇಬ್ಬರೂ ಗೆರೆಯುದ್ದಕ್ಕೂ ಒಮ್ಮೆ ನಡೆದು ಬಂದೆವು.