ಪ್ರತಿಕ್ರಿಯೆ: ಕಿವಿ ಕೇಳದ ಮರಿ, ಎಬ್ಬಿಸಿದರೆ ಕಚ್ಚಲು ಬರುತ್ತದೆ

ನಿಮ್ಮ 5 ತಿಂಗಳ ಡಾಲ್ಮೇಷಿಯನ್ ಮರಿಗೆ ಎರಡೂ ಕಿವಿ ಕೇಳಿಸುವುದಿಲ್ಲ, ಮಲಗಿದ್ದಾಗ ಮುಟ್ಟಿದರೆ ಕಚ್ಚಲು ಬರುತ್ತದೆ, ಇದು ಸಿಟ್ಟಿನ ನಾಯಿಯೇ ಎಂದು ಕೇಳಿದ್ದೀರಿ. ನನಗೆ ಇದು ಸಿಟ್ಟು ಅನ್ನಿಸುವುದಿಲ್ಲ, ಹೆದರಿಕೆ. ಹೆಜ್ಜೆ ಸಪ್ಪಳವೇ ಗೊತ್ತಾಗದ ಜೀವದ ಮೈಮೇಲೆ ಇದ್ದಕ್ಕಿದ್ದಂತೆ ಕೈ ಬಿದ್ದರೆ ಬೆಚ್ಚಿಬೀಳುತ್ತದೆ, ಅಲ್ವಾ? ಈ ತಳಿಯಲ್ಲಿ ಹುಟ್ಟುಕಿವುಡು ಜಾಸ್ತಿ. ಮೈಯ ಬಿಳಿ ಬಣ್ಣಕ್ಕೆ ಕಾರಣವಾದ ಜೀನ್‌ಗೂ ಅದಕ್ಕೂ ನಂಟಿದೆ. ನಿಮ್ಮ ತಪ್ಪೇನಿಲ್ಲ.

ಮೊದಲು ಏಳುವುದನ್ನೇ ಕಲಿಸಿ. ನಮ್ಮ ಕಿವುಡು ನಾಯಿಗೆ ನಾನು ಬೇಯಿಸಿದ ಕೋಳಿಯ ಚೂರು ಹಿಡಿದು ಮೂಗಿನ ಹತ್ತಿರ ತರುತ್ತಿದ್ದೆ. ಮೊದಲು ಹೊಳ್ಳೆ ಅಲುಗುತ್ತಿತ್ತು, ಆಮೇಲೆ ಕಣ್ಣು ಬಿಡುತ್ತಿತ್ತು. ಆಗ ಭುಜವನ್ನು ಮೆಲ್ಲಗೆ ಮುಟ್ಟಿ ಚೂರು ಕೊಡುತ್ತಿದ್ದೆ. ದಿನಕ್ಕೆ ನಾಲ್ಕೈದು ಸಲ, ಅಷ್ಟೇ. ಬರಬರುತ್ತಾ ಮುಟ್ಟಿದ ಕೂಡಲೇ ಬಾಲ ಅಲ್ಲಾಡಿಸಿಕೊಂಡು ಏಳತೊಡಗಿತು. ಅಲ್ಲಿಯವರೆಗೆ ಮಕ್ಕಳು ಮಲಗಿದ ಮರಿಯ ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಶಹಬ್ಬಾಸ್ ಹೇಳಲು ಹೆಬ್ಬೆರಳು ಎತ್ತಿ ತೋರಿಸಿ, ತಕ್ಷಣ ತಿಂಡಿ ಕೊಡಿ. ತಾನಾಗಿ ನಿಮ್ಮ ಮುಖ ನೋಡಿದಾಗಲೆಲ್ಲ ಹೀಗೇ ಮಾಡಿ. ನಿಮ್ಮನ್ನು ನೋಡುವ ಅಭ್ಯಾಸ ಬಂದರೆ ಕೂರು, ಬಾ, ನಿಲ್ಲು ಎಲ್ಲಕ್ಕೂ ಕೈಸನ್ನೆ ಸಾಕು. ಮನೆಯವರೆಲ್ಲ ಒಂದೇ ಸನ್ನೆ ಬಳಸಬೇಕು.

ಕರೆಂಟ್ ಶಾಕ್ ಕೊಡುವ ಕಾಲರ್ ಮಾತ್ರ ದಯವಿಟ್ಟು ಬೇಡ. ಹೆದರಿದ ಮರಿ ಇನ್ನೂ ಹೆದರುತ್ತದೆ. ರಸ್ತೆಯಲ್ಲಿ ಬೆಲ್ಟ್ ಬಿಚ್ಚಬೇಡಿ, ಹಾರ್ನ್ ಅದಕ್ಕೆ ಕೇಳಿಸದು. ಎಚ್ಚರವಿದ್ದಾಗಲೂ ಮುಟ್ಟಿದರೆ ಗುರುಗುಟ್ಟಿದರೆ ಎಲ್ಲೋ ನೋವಿರಬಹುದು, ಡಾಕ್ಟರಿಗೆ ತೋರಿಸಿ.