ಮಗುವಿನ ಬೆನ್ನಿನ ಗಂಟಿಗೂ ಗ್ರಹಣಕ್ಕೂ ಸಂಬಂಧ ಇದೆಯಾ?

ನಿಮ್ಮ ಅತ್ತಿಗೆಯ ಮೊದಲ ಮಗುವಿಗೆ ಹುಟ್ಟುವಾಗಲೇ ಬೆನ್ನಿನ ಮೇಲೆ ಗಂಟು ಇತ್ತು, ಗ್ರಹಣದ ದಿನ ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅಂತ ಮನೆಯವರು ಹೇಳುತ್ತಿದ್ದಾರೆ, ಇದು ನಿಜವಾ, ನಮ್ಮ ಕಡೆ ಇದು ಜಾಸ್ತಿನಾ ಎಂದು ಕೇಳಿದ್ದೀರಿ.

ಮೊದಲು ಅತ್ತಿಗೆಗೆ ಹೇಳಿ, ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ನಾನು ಹನ್ನೊಂದು ವರ್ಷ ಮಕ್ಕಳ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಬೆನ್ನು ತಾಗಬಾರದೆಂದು ಈ ಕೂಸುಗಳನ್ನು ಬೋರಲು ಮಲಗಿಸುತ್ತೇವೆ. ಪಕ್ಕದಲ್ಲಿ ಕೂತ ತಾಯಿ ಕೇಳುತ್ತಿದ್ದುದು ಒಂದೇ: "ಸಿಸ್ಟರ್, ನಾನೇನು ತಪ್ಪು ಮಾಡಿದೆ?" ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಬಸಿರು ನಿಂತ 28 ದಿನದೊಳಗೆ ಮಗುವಿನ ಮೆದುಳು, ಬೆನ್ನುಹುರಿ ಆಗುವ ಪದರ ಮಡಚಿಕೊಂಡು ಕೊಳವೆಯ ಹಾಗೆ ಮುಚ್ಚಿಕೊಳ್ಳಬೇಕು. ಬೆನ್ನಿನ ಕಡೆ ಮುಚ್ಚದಿದ್ದರೆ ಅಲ್ಲಿ ಇಂಥ ಗಂಟು ಕಾಣಿಸಿಕೊಳ್ಳುತ್ತದೆ, ಅದಕ್ಕೆ ಸ್ಪೈನಾ ಬೈಫಿಡಾ ಅನ್ನುತ್ತಾರೆ. ತಲೆಯ ಕಡೆ ಮುಚ್ಚದಿದ್ದರೆ ಮಗು ಉಳಿಯುವುದಿಲ್ಲ. 28 ದಿನ ಅಂದರೆ ಮುಟ್ಟು ತಪ್ಪಿ ಎರಡೇ ವಾರ. ತಾಯಿ ಕಾರ್ಡ್ ಮಾಡಿಸಿ, ಆಶಾ ಕಾರ್ಯಕರ್ತೆ ಮಾತ್ರೆ ಕೈಗೆ ಕೊಡುವ ಹೊತ್ತಿಗೆ ಆ ಕೊಳವೆಯ ಕೆಲಸ ಮುಗಿದುಹೋಗಿರುತ್ತದೆ. ನನಗೆ ಸಂಕಟ ಆಗುವುದು ಇಲ್ಲೇ. ಆ ಕೊಳವೆ ಮುಚ್ಚಿಕೊಳ್ಳಲು ನೆರವಾಗುವುದು ಕೆಲವೇ ರೂಪಾಯಿಯ ಫೋಲಿಕ್ ಆಸಿಡ್ ಮಾತ್ರೆ, ಆದರೆ ತಡವಾಗಿ ತಲುಪುತ್ತದೆ.

ನಮ್ಮ ಕಡೆ ಜಾಸ್ತಿನಾ ಅಂದರೆ, ಹೌದು. ದಾವಣಗೆರೆಯ ವೈದ್ಯರು 1989ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕೊಳವೆ ಮುಚ್ಚದ ಈ ತೊಂದರೆ 1,000 ಹೆರಿಗೆಗೆ 11.4 ಇತ್ತು. ಅದು ಆಸ್ಪತ್ರೆಯ ಲೆಕ್ಕ. ತೊಂದರೆಯ ಹೆರಿಗೆಗಳೆಲ್ಲ ದೊಡ್ಡ ಆಸ್ಪತ್ರೆಗೇ ಬರುವುದರಿಂದ ಅಂಥ ಸಂಖ್ಯೆ ಸ್ವಲ್ಪ ಏರಿಯೇ ಇರುತ್ತದೆ. ದೇಶದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಸಿಕ್ಕಿದ್ದು 1,000ಕ್ಕೆ ನಾಲ್ಕರಿಂದ ನಾಲ್ಕೂವರೆ. ಇದೂ ಕಡಿಮೆ ಅಲ್ಲ. ಅಮೆರಿಕ 1998ರಿಂದ ಹಿಟ್ಟಿಗೇ ಫೋಲಿಕ್ ಆಸಿಡ್ ಸೇರಿಸುವುದನ್ನು ಕಡ್ಡಾಯ ಮಾಡಿತು. ಅಲ್ಲಿ ವರ್ಷಕ್ಕೆ ಸುಮಾರು 1,300 ಮಕ್ಕಳು ಈ ತೊಂದರೆಯಿಂದ ತಪ್ಪಿಸಿಕೊಳ್ಳುತ್ತಿದ್ದಾರೆ. ನಮ್ಮಲ್ಲೂ ರೇಷನ್ ಅಕ್ಕಿಗೆ ಸೇರಿಸಲು ಶುರುಮಾಡಿದ್ದರು, ಆದರೆ ಮಾತ್ರೆ ಬೇಡ ಅನ್ನುವಷ್ಟು ಅದರಲ್ಲಿ ಇರುವುದಿಲ್ಲ.

ಒಮ್ಮೆ ಹೀಗಾದರೆ ಮುಂದಿನ ಬಸಿರಿನಲ್ಲೂ ಆಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಆದರೆ ಇಂಥ ತಾಯಂದಿರ ಮೇಲೇ ಏಳು ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 1991ರಲ್ಲಿ ಬಂತು. ಹೆಚ್ಚು ಪ್ರಮಾಣದ ಫೋಲಿಕ್ ಆಸಿಡ್ ತೆಗೆದುಕೊಂಡವರಲ್ಲಿ ಇದು ಮತ್ತೆ ಆಗುವುದು ಶೇ. 72ರಷ್ಟು ಕಡಿಮೆಯಾಗಿತ್ತು! ಬೇರೆ ಹೆಂಗಸರಿಗೆ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ನಿಮ್ಮ ಅತ್ತಿಗೆಗೆ ಅದು ಸಾಲದು. ನಮ್ಮಲ್ಲಿ ಡಾಕ್ಟರು ಸಾಮಾನ್ಯವಾಗಿ 5 ಮಿಲಿಗ್ರಾಂ ಬರೆಯುತ್ತಾರೆ. ಇನ್ನೊಂದು ಮಗು ಬೇಕು ಅನ್ನಿಸಿದಾಗಲೇ, ಬಸಿರಾಗುವ ಮುಂಚೆಯೇ, ಅಣ್ಣ ಅತ್ತಿಗೆ ಇಬ್ಬರೂ ಹೋಗಿ ಡಾಕ್ಟರನ್ನು ನೋಡಲಿ. ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ನುಂಗುತ್ತಿದ್ದರೆ ಹೇಳಲೇಬೇಕು. ಫಿಟ್ಸ್ ಮಾತ್ರೆಯನ್ನು ತಾವಾಗಿಯೇ ಮಾತ್ರ ನಿಲ್ಲಿಸಬಾರದು.

ಮಗು ಈಗ ಹೇಗಿದೆ ಅಂತ ನೀವು ಬರೆದಿಲ್ಲ. ಆಪರೇಷನ್ ಆಗಿದ್ದರೆ ಎಲ್ಲರೂ ಕಾಲು ಆಡುತ್ತಾ ಅಂತ ನೋಡುತ್ತಾರೆ, ಮೂತ್ರದ ಕಡೆ ಗಮನ ಕೊಡುವುದಿಲ್ಲ. ಮೂತ್ರ ಪೂರ್ತಿ ಹೋಗದೆ ಉಳಿದರೆ ಕಿಡ್ನಿ ಕೆಡುತ್ತದೆ. ಮುಂದಿನ ಸಲ ತೋರಿಸಲು ಹೋದಾಗ ಇದನ್ನು ಕೇಳಿ. ತಲೆಯಲ್ಲಿ ನೀರು ತುಂಬುತ್ತಿದೆಯಾ ಅಂತ ತಿಳಿಯಲು ತಲೆಯ ಸುತ್ತಳತೆಯನ್ನೂ ಅಳೆಸಿ ಬರೆಸಿಕೊಳ್ಳಿ.