ನದಿತೀರದ ಉದ್ಯಾನದ ಬಗ್ಗೆ ಸಾರ್ವಜನಿಕ ಸಭೆ ಕರೆದಿದ್ದಾರೆ. ಹೋಗಿ ಪ್ರಯೋಜನವಿದೆಯೇ, ತಜ್ಞರಿಗೇ ಬಿಡುವುದು ಮೇಲೇ?

ನಿಮ್ಮ ನಗರದ ಆಡಳಿತವು ನದಿತೀರದ ಖಾಲಿ ಜಾಗವನ್ನು ಉದ್ಯಾನವಾಗಿಸಲು ಹೊರಟಿದೆ, ಅದಕ್ಕಾಗಿ ಜನರ ಸಭೆ ಕರೆದಿದೆ, ಸಾಮಾನ್ಯ ನಿವಾಸಿಗಳ ಮಾತಿನಿಂದ ಅಲ್ಲಿ ಏನಾದರೂ ಬದಲಾದೀತೇ ಎಂದು ಕೇಳಿದ್ದೀರಿ. ಸಾರ್ವಜನಿಕ ಸ್ಥಳಗಳ ವಿನ್ಯಾಸದ ಕೆಲಸದಲ್ಲಿ ಬಹುಕಾಲದಿಂದ ಇರುವ ನಾನು ಇಂಥ ಸಭೆಗಳನ್ನು ವೇದಿಕೆಯ ಮೇಲಿನಿಂದಲೂ ಕೆಳಗಿನ ಕುರ್ಚಿಯಿಂದಲೂ ನೋಡಿದ್ದೇನೆ. ಖಂಡಿತ ಹೋಗಿ ಎಂಬುದೇ ನನ್ನ ಉತ್ತರ. ಆದರೆ ಯೋಜನೆ ಯಾವ ಹಂತದಲ್ಲಿದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ನಕ್ಷೆಗೆ ಒಪ್ಪಿಗೆ ದೊರೆತು ಹಣವೂ ಹಂಚಿಕೆಯಾದ ಮೇಲೆ ಕರೆದ ಸಭೆಯಲ್ಲಿ ಜನರ ಪಾಲಿಗೆ ಉಳಿಯುವುದು ಬೆಂಚಿನ ಬಣ್ಣ ಆರಿಸುವ ಕೆಲಸ ಮಾತ್ರ.

ಜನರ ಸಹಭಾಗಿತ್ವ ಎಂಬ ಒಂದೇ ಹೆಸರಿನಡಿ ತೀರಾ ಬೇರೆ ಬೇರೆ ಸಂಗತಿಗಳು ನಡೆಯುತ್ತವೆ. ಅಮೆರಿಕದ ಶೆರ್ರಿ ಆರ್ನ್‌ಸ್ಟೀನ್ ಅವರು 1969ರಲ್ಲಿ ಬರೆದ ಲೇಖನವೊಂದರಲ್ಲಿ ಇದನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ತೀರಾ ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಜನರನ್ನು ಒಲಿಸಿಕೊಳ್ಳುವ, ಸಮಾಧಾನಪಡಿಸಿ ಕಳಿಸುವ ಪ್ರಯತ್ನವಷ್ಟೇ ಇರುತ್ತದೆ. ಮಾಹಿತಿ ಕೊಡುವುದು ಮೂರನೆಯದು, ಅಭಿಪ್ರಾಯ ಕೇಳುವುದು ನಾಲ್ಕನೆಯದು. ಆರನೆಯ ಮೆಟ್ಟಿಲಿನಿಂದ ಮೇಲಕ್ಕೆ ಮಾತ್ರ ನಿರ್ಧಾರದಲ್ಲಿ ಜನರಿಗೆ ನಿಜವಾದ ಪಾಲು ಸಿಗುತ್ತದೆ. ನಮಗೆ ಬರುವ ಆಹ್ವಾನಗಳಲ್ಲಿ ಹೆಚ್ಚಿನವು ನಾಲ್ಕನೆಯ ಮೆಟ್ಟಿಲಿನಲ್ಲಿ ನಿಲ್ಲುತ್ತವೆ ಎಂಬುದು ನನ್ನ ಅನುಭವ. ನಮ್ಮ ಮಾತನ್ನು ಬರೆದುಕೊಳ್ಳುತ್ತಾರೆ, ಆಮೇಲೆ ಅದು ಏನಾಯಿತು ಎಂದು ತಿಳಿಸುವವರಿರುವುದಿಲ್ಲ.

ತಜ್ಞರಿಗೇ ಬಿಡಬಾರದೇಕೆ ಎಂಬುದಕ್ಕೆ ನಾನು ಕೊಡುವ ಮೊದಲ ಕಾರಣ ಪ್ರಜಾಪ್ರಭುತ್ವದ ತತ್ವವಲ್ಲ, ಮಾಹಿತಿ. ಒಂದು ಹಳೆಯ ಉದ್ಯಾನದ ಮರುವಿನ್ಯಾಸಕ್ಕೆ ಮುನ್ನ ನಾವು ಸುತ್ತಲಿನ ನಿವಾಸಿಗಳೊಂದಿಗೆ ಆ ಜಾಗದ ಉದ್ದಗಲಕ್ಕೂ ನಡೆದಾಡಿದ್ದೆವು. ಅಲ್ಲಿ ಪ್ರತಿದಿನ ಕಸ ಗುಡಿಸುವ ಮಹಿಳೆಯೊಬ್ಬರು ನಮ್ಮನ್ನು ಒಂದು ಮೂಲೆಗೆ ಕರೆದೊಯ್ದು, ಮರದ ಬುಡದಲ್ಲಿ ಗೇಣುದ್ದ ಮೇಲಕ್ಕೆ ಒಣಗಿ ನಿಂತಿದ್ದ ಕೆಸರಿನ ಗೆರೆಯನ್ನು ತೋರಿಸಿದರು. ಜೋರು ಮಳೆಯಾದರೆ ನೀರು ಅಲ್ಲಿಯವರೆಗೆ ನಿಲ್ಲುತ್ತದೆ, ಇಳಿಯಲು ಒಂದು ಹಗಲಾದರೂ ಬೇಕು ಎಂದರು. ಸರ್ವೆ ನಕ್ಷೆಯಲ್ಲಿ ಆ ಮೂಲೆ ಸಮತಟ್ಟಾಗಿಯೇ ಕಾಣುತ್ತಿತ್ತು. ಮುಂದೆ ಅಲ್ಲಿ ಕಲ್ಲುಹಾಸಿನ ಬದಲು ಮಳೆನೀರು ಇಂಗುವ ತಗ್ಗು ತೋಟ ಬಂತು. ಯಾವ ದೀಪ ಕೆಟ್ಟಿದ್ದರೆ ಹೆಂಗಸರು ಯಾವ ದಾರಿ ಬಿಟ್ಟು ಸುತ್ತಿ ಹೋಗುತ್ತಾರೆ, ವಯಸ್ಸಾದವರು ಎಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಾರೆ ಎಂಬಂಥ ತಿಳಿವಳಿಕೆಯೂ ಹೀಗೆಯೇ ಅಲ್ಲಿ ದಿನವೂ ಓಡಾಡುವವರ ಬಳಿ ಇರುತ್ತದೆ.

ಆದರೆ ಸಭೆಗೆ ಬಂದವರೇ ಇಡೀ ಸಮುದಾಯವಲ್ಲ, ಮತ್ತು ಈ ವಿಚಾರವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ತೊಂಬತ್ತರ ದಶಕದಲ್ಲಿ ಉದ್ಯಾನಗಳ ಬಳಕೆಯನ್ನು ಗಮನಿಸಿದಾಗ, ಒಂಬತ್ತು ಹತ್ತು ವರ್ಷ ದಾಟಿದ ಹುಡುಗಿಯರು ಉದ್ಯಾನಗಳಿಂದ ಮರೆಯಾಗುತ್ತಾರೆ, ಅದೇ ವಯಸ್ಸಿನ ಹುಡುಗರು ಅಲ್ಲಿಯೇ ಉಳಿಯುತ್ತಾರೆ ಎಂಬುದು ಕಂಡುಬಂತು. ಹುಡುಗಿಯರು ಬರಬಾರದೆಂದು ಯಾರೂ ನಿಯಮ ಮಾಡಿರಲಿಲ್ಲ. ಇದ್ದ ಒಂದೇ ದೊಡ್ಡ ಮೈದಾನವನ್ನು ಹುಡುಗರ ಗುಂಪು ಹಿಡಿದುಕೊಂಡಾಗ ಅವರೊಂದಿಗೆ ಪೈಪೋಟಿಗಿಳಿಯುವ ಬದಲು ಹುಡುಗಿಯರು ಸುಮ್ಮನೆ ಬರುವುದನ್ನೇ ಬಿಟ್ಟಿದ್ದರು. 1999ರ ಸುಮಾರಿಗೆ ಆ ನಗರವು ಎರಡು ಉದ್ಯಾನಗಳನ್ನು ಪ್ರಾಯೋಗಿಕವಾಗಿ ಮರುವಿನ್ಯಾಸಗೊಳಿಸಿತು: ದೊಡ್ಡ ಬಯಲನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿದರು, ಓಡಾಟದ ದಾರಿಗಳನ್ನು ಸುಧಾರಿಸಿದರು, ವಾಲಿಬಾಲ್ ಮತ್ತು ಬ್ಯಾಡ್ಮಿಂಟನ್‌ಗೆ ಜಾಗ ಮಾಡಿಕೊಟ್ಟರು. ಹುಡುಗಿಯರು ಮರಳಿ ಬಂದರು. ಅಂಥದೊಂದು ಮೈದಾನದ ಬಗ್ಗೆ ಸಂಜೆಯ ಸಭೆಯೊಂದನ್ನು ಕರೆದಿದ್ದರೆ ಅಲ್ಲಿ ಎದ್ದು ನಿಂತು ಮಾತನಾಡುತ್ತಿದ್ದವರು ಯಾರೆಂದು ನೀವೇ ಊಹಿಸಬಹುದು. ನಿವೃತ್ತರು, ಮನೆಯ ಒಡೆಯರು, ಮೈಕಿನ ಮುಂದೆ ಅಳುಕದವರು ಸಭೆಗಳಿಗೆ ಬರುತ್ತಾರೆ. ದಡದ ಮೇಲೆ ಬಲೆ ಒಣಗಿಸುವವರು, ತಳ್ಳುಗಾಡಿಯವರು, ಬಾಡಿಗೆ ಮನೆಯವರು, ಹದಿಹರೆಯದವರು ಬರುವುದು ಕಡಿಮೆ. ಆದ್ದರಿಂದ ಆ ಜಾಗದಲ್ಲೇ ಬೇರೆ ಬೇರೆ ಹೊತ್ತಿನಲ್ಲಿ ನಿಂತು ಬಂದುಹೋಗುವವರನ್ನು ಮಾತನಾಡಿಸುವುದನ್ನು, ಸುಮ್ಮನೆ ಗಮನಿಸುವುದನ್ನು ನಾನು ಸಭೆಯಷ್ಟೇ ಮುಖ್ಯವೆಂದು ಭಾವಿಸುತ್ತೇನೆ. ಅಮೆರಿಕದ ನಗರ ಅಧ್ಯಯನಕಾರ ವಿಲಿಯಂ ವೈಟ್ ಅವರು ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕಿನ ಸಣ್ಣ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಮಾಡಿದ್ದು ಇದನ್ನೇ. ಎತ್ತಿ ಸರಿಸಬಹುದಾದ ಕುರ್ಚಿಗಳನ್ನು ಜನ ಎಷ್ಟು ಇಷ್ಟಪಡುತ್ತಾರೆ ಎಂಬುದು ಅವರಿಗೆ ಹಾಗೆ ಗಮನಿಸಿದ್ದರಿಂದ ಗೊತ್ತಾಯಿತು.

ಹಾಗೆಂದು ಎಲ್ಲವನ್ನೂ ಕೈ ಎತ್ತಿಸಿ ತೀರ್ಮಾನಿಸಲಾಗದು. ನೀರು ಎಷ್ಟು ಏರುತ್ತದೆ, ದಡದ ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂಬುದು ಬಹುಮತದ ಪ್ರಶ್ನೆಯಲ್ಲ. ಸಿಂಗಾಪುರದ ಬಿಶಾನ್-ಆಂಗ್ ಮೊ ಕಿಯೊ ಉದ್ಯಾನದ ಅಂಚಿನಲ್ಲಿ ಕಾಲಾಂಗ್ ನದಿಯು 2.7 ಕಿಲೋಮೀಟರ್ ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿ ಹರಿಯುತ್ತಿತ್ತು. ಆ ಕಾಂಕ್ರೀಟನ್ನು ಒಡೆದು ತೆಗೆದು, 3.2 ಕಿಲೋಮೀಟರ್ ಅಂಕುಡೊಂಕಾಗಿ ಹರಿಯುವ ಸಹಜ ನದಿಯನ್ನು ಉದ್ಯಾನದೊಳಕ್ಕೇ ತಂದರು. 2012ರಲ್ಲಿ ಅದು ಜನರಿಗೆ ತೆರೆಯಿತು. ಮಳೆ ಹೆಚ್ಚಾದಾಗ ನದಿಯು ಇಕ್ಕೆಲದ ಹುಲ್ಲುಹಾಸಿನ ಮೇಲೆ ಹರಡಿಕೊಳ್ಳುತ್ತದೆ, ಇಳಿದ ಮೇಲೆ ಜನ ಮತ್ತೆ ಅಲ್ಲಿ ಕೂರುತ್ತಾರೆ. ಬೇಲಿಯಿಲ್ಲದ ನೀರಿನ ಪಕ್ಕ ಮಕ್ಕಳು ಆಡುತ್ತಾರೆಂದರೆ ಯಾವ ತಂದೆತಾಯಿಗೂ ಭಯವಾಗುವುದು ಸಹಜ. ನೀರಿನ ಮಟ್ಟ ಅಳೆಯುವ ಸಾಧನ, ಎಚ್ಚರಿಕೆಯ ದೀಪ ಮತ್ತು ಸೈರನ್‌ಗಳನ್ನು ಅಲ್ಲಿ ಅಳವಡಿಸಿದ್ದಾರೆ. ಭಯವನ್ನು ಹೇಳಿಕೊಳ್ಳುವ ಹಕ್ಕು ನಿವಾಸಿಗಳದ್ದು, ಅದಕ್ಕೆ ತಾಂತ್ರಿಕ ಉತ್ತರ ಹುಡುಕುವ ಹೊಣೆ ಎಂಜಿನಿಯರುಗಳದ್ದು. ಭಯವಿದೆ ಎಂದಾಕ್ಷಣ ಎತ್ತರದ ಗೋಡೆ ಕಟ್ಟಿಬಿಟ್ಟರೆ ಇಬ್ಬರೂ ತಮ್ಮ ಕೆಲಸ ಮಾಡಿದಂತಾಗುವುದಿಲ್ಲ.

ಜನರು ಆಡಳಿತದ ಯೋಜನೆಯನ್ನೇ ಬೇಡವೆಂದದ್ದೂ ಇದೆ. ಬರ್ಲಿನ್ನಿನ ಟೆಂಪಲ್‌ಹೋಫ್ ವಿಮಾನ ನಿಲ್ದಾಣ 2008ರಲ್ಲಿ ಮುಚ್ಚಿತು. 2010ರಲ್ಲಿ ಅದರ ವಿಶಾಲ ಬಯಲನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗ ಓಡುದಾರಿಗಳ ಮೇಲೆ ಜನ ಸೈಕಲ್ ಹೊಡೆದರು, ಗಾಳಿಪಟ ಹಾರಿಸಿದರು, ಒಂದು ಅಂಚಿನಲ್ಲಿ ತರಕಾರಿ ಬೆಳೆದರು. ಅಂಚುಗಳಲ್ಲಿ ಮನೆಗಳನ್ನು ಕಟ್ಟುವ ಸರ್ಕಾರದ ಯೋಜನೆಯನ್ನು 2014ರ ಮೇ ತಿಂಗಳ ಜನಮತಗಣನೆಯಲ್ಲಿ ಮತದಾರರು ತಿರಸ್ಕರಿಸಿ, ಬಯಲನ್ನು ಹಾಗೆಯೇ ಉಳಿಸುವ ಕಾನೂನನ್ನು ಒಪ್ಪಿದರು. ಮನೆಗಳ ಕೊರತೆಯಿರುವ ನಗರದಲ್ಲಿ ಅಷ್ಟು ಜಾಗವನ್ನು ಬಯಲಾಗಿಯೇ ಬಿಡುವುದು ಸರಿಯೇ ಎಂಬ ವಾದಕ್ಕೆ ತೂಕವಿದೆ. ಆದರೂ ನಾನು ಆ ಮತದಾರರ ಕಡೆಗೇ ವಾಲುತ್ತೇನೆ. ಕಟ್ಟದೆ ಬಿಟ್ಟ ಜಾಗದಲ್ಲಿ ಮುಂದೆ ಕಟ್ಟಬಹುದು. ಒಮ್ಮೆ ಕಟ್ಟಿದ ಮೇಲೆ ಅದನ್ನು ಬಯಲಾಗಿಸಿದ ಉದಾಹರಣೆಗಳು ಬಹಳ ವಿರಳ.

ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದ, ನೀವು ಕೇಳಲೇಬೇಕಾದ ಪ್ರಶ್ನೆ ಬಾಡಿಗೆಯದು. ನ್ಯೂಯಾರ್ಕಿನಲ್ಲಿ ಪಾಳುಬಿದ್ದಿದ್ದ ಎತ್ತರದ ರೈಲುಮಾರ್ಗವನ್ನು ಕೆಡವದೆ ಉಳಿಸಲು 1999ರಲ್ಲಿ ಇಬ್ಬರು ನಿವಾಸಿಗಳು ಕಟ್ಟಿದ ಸಂಘಟನೆಯಿಂದಲೇ ಹೈ ಲೈನ್ ಉದ್ಯಾನ ಹುಟ್ಟಿತು, 2009ರಲ್ಲಿ ಅದರ ಮೊದಲ ಭಾಗ ತೆರೆಯಿತು. ನಾಗರಿಕರ ಪ್ರಯತ್ನಕ್ಕೆ ಅದಕ್ಕಿಂತ ಪ್ರಸಿದ್ಧ ನಿದರ್ಶನವಿಲ್ಲ. ಆದರೆ ಸುತ್ತಲಿನ ಆಸ್ತಿಯ ಬೆಲೆ ಗಗನಕ್ಕೇರಿತು, ಪಕ್ಕದ ಸರ್ಕಾರಿ ವಸತಿಗಳಲ್ಲಿದ್ದ ಬಡವರು ಅದನ್ನು ತಮ್ಮದೆಂದುಕೊಳ್ಳಲಿಲ್ಲ. ವಿನ್ಯಾಸ ಹೇಗಿರಬೇಕು ಎಂದು ಕೇಳುವ ಬದಲು ನಿಮಗಾಗಿ ನಾವೇನು ಮಾಡಬಹುದು ಎಂದು ಅವರನ್ನು ಕೇಳಬೇಕಿತ್ತು ಎಂಬ ಅರ್ಥದ ಮಾತನ್ನು ಆ ಇಬ್ಬರಲ್ಲಿ ಒಬ್ಬರಾದ ರಾಬರ್ಟ್ ಹ್ಯಾಮಂಡ್ 2017ರಲ್ಲಿ ಆಡಿದರು. ವಾಷಿಂಗ್ಟನ್ನಿನಲ್ಲಿ ಅನಕೋಸ್ಟಿಯಾ ನದಿಯ ಹಳೆಯ ಸೇತುವೆಯ ಕಂಬಗಳ ಮೇಲೆ ಉದ್ಯಾನ ಕಟ್ಟಲು ಹೊರಟವರು ವಿನ್ಯಾಸಕ್ಕೂ ಮೊದಲೇ ಎರಡೂ ದಡಗಳ ನಿವಾಸಿಗಳೊಂದಿಗೆ ಸಭೆಗಳನ್ನು ಆರಂಭಿಸಿದರು. 2015ರಲ್ಲಿ ಅವರು ಪ್ರಕಟಿಸಿದ ಯೋಜನೆಯಲ್ಲಿ ವಸತಿ, ಉದ್ಯೋಗ, ಸಣ್ಣ ವ್ಯಾಪಾರಗಳ ರಕ್ಷಣೆಯೂ ಸೇರಿತ್ತು. ಮುಂದೆ ಸಮುದಾಯದ ಹೆಸರಿನಲ್ಲಿ ಭೂಮಿ ಹಿಡಿದಿಟ್ಟುಕೊಳ್ಳುವ ಟ್ರಸ್ಟೊಂದೂ ರೂಪುಗೊಂಡಿತು. ಮರ ನೆಟ್ಟವರೇ ಅದರ ನೆರಳಿನಿಂದ ಹೊರಬೀಳುವ ಪರಿಸ್ಥಿತಿ ಬರಬಾರದು ಎಂದಾದರೆ ಇಂಥ ಏರ್ಪಾಡು ಉದ್ಯಾನದ ಜೊತೆಗೇ ಆಗಬೇಕು.

ನಿರ್ವಹಣೆಯ ಬಗ್ಗೆ ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಸಹಭಾಗಿತ್ವವೆಂದರೆ ನಿವಾಸಿಗಳು ಬಿಟ್ಟಿಯಾಗಿ ಕಳೆ ಕೀಳುವುದು ಎಂದು ಭಾವಿಸುವ ಆಡಳಿತಗಳಿವೆ. 1980ರಲ್ಲಿ ಸ್ಥಾಪನೆಯಾದ ಖಾಸಗಿ ಸಂಸ್ಥೆಯೊಂದು ದೇಣಿಗೆಯ ಬಲದಿಂದ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕನ್ನು ಚೆನ್ನಾಗಿ ನೋಡಿಕೊಳ್ಳುತ್ತಿದೆ ನಿಜ, ಆದರೆ ಅಂಥ ದೇಣಿಗೆ ಎಲ್ಲ ಬಡಾವಣೆಗಳಲ್ಲೂ ಹುಟ್ಟುವುದಿಲ್ಲ. ನೆಟ್ಟ ಸಸಿಗೆ ಮೊದಲ ಎರಡು ಮೂರು ಬೇಸಿಗೆ ತಪ್ಪದೆ ನೀರು ಬೇಕು. ಅದು ಸಂಬಳ ಪಡೆಯುವ ಮಾಲಿಯ ಕೆಲಸ, ಸ್ವಯಂಸೇವಕರು ಅವರಿಗೆ ಜೊತೆಯಾಗಬಹುದಷ್ಟೇ.

ಇನ್ನು ನಿಮ್ಮ ಸಭೆಯ ವಿಚಾರ. ಹೋಗುವ ಮುನ್ನ ಬೆಳಿಗ್ಗೆ, ಉರಿಬಿಸಿಲಿನಲ್ಲಿ, ಕತ್ತಲಾದ ಮೇಲೆ ಆ ದಡದಲ್ಲಿ ಒಮ್ಮೊಮ್ಮೆ ನಿಂತು ಯಾರು ಏನು ಮಾಡುತ್ತಾರೆಂದು ಬರೆದಿಟ್ಟುಕೊಳ್ಳಿ. ಸಭೆಗೆ ಬರಲಾರದವರಲ್ಲಿ ಕೆಲವರನ್ನಾದರೂ ಮಾತನಾಡಿಸಿ, ಅವರ ಮಾತನ್ನು ಅವರದೆಂದೇ ಹೇಳಿ ಅಲ್ಲಿ ಮುಂದಿಡಿ. ನಕ್ಷೆಯಲ್ಲಿ ಇನ್ನೂ ಬದಲಾಯಿಸಬಹುದಾದದ್ದು ಯಾವುದು, ಈಗಾಗಲೇ ತೀರ್ಮಾನವಾಗಿರುವುದು ಯಾವುದು ಎಂದು ನೇರವಾಗಿ ಕೇಳಿ. ಐದು ವರ್ಷಗಳ ನಿರ್ವಹಣೆಯ ಹಣ ಯೋಜನೆಯ ಅಂದಾಜಿನಲ್ಲಿ ಸೇರಿದೆಯೇ ಎಂದು ಕೇಳಿ. ಯಾವ ಸಲಹೆಯನ್ನು ಒಪ್ಪಲಾಯಿತು, ಯಾವುದನ್ನು ಏಕೆ ಕೈಬಿಡಲಾಯಿತು ಎಂಬುದನ್ನು ಲಿಖಿತವಾಗಿ ಪ್ರಕಟಿಸುವ ದಿನಾಂಕವನ್ನು ಸಭೆ ಮುಗಿಯುವ ಮೊದಲೇ ಗೊತ್ತುಮಾಡಿಸಿ, ನಡಾವಳಿಯಲ್ಲಿ ಬರೆಸಿಕೊಂಡು ಬನ್ನಿ.